ರ‍್ಯಾಪ್ ಗಾಯನ: ಅದರ ಹುಟ್ಟು ಮತ್ತು ಬೆಳವಣಿಗೆ

ಸಂಗೀತವೆಂದರೆ ಶ್ರುತಿ, ರಾಗ, ತಾಳಗಳ ಮೇಳವೆಂದು ನಂಬಿ ಬೆಳೆದವರಿಗೆ ರ‍್ಯಾಪ್ ಎಂಬುದು ಮೊದಲ ಸಲ ಕಿವಿಗೆ ಬಿದ್ದಾಗ ಗಲಿಬಿಲಿಯಾಗುವುದು ಸಹಜ. ಅಲ್ಲಿ ರಾಗವಿಲ್ಲ, ಆಲಾಪನೆಯಿಲ್ಲ, ಹಾಡುವವನು ಹಾಡುತ್ತಿರುವನೋ ಜಗಳವಾಡುತ್ತಿರುವನೋ ಎಂಬ ಸಂಶಯವೂ ಬರುವುದುಂಟು. ‘ಇದೂ ಒಂದು ಸಂಗೀತವೇ?’ ಎಂದು ಹಿರಿಯರು ಕೇಳುತ್ತಾರೆ; ‘ಇದೇ ಸಂಗೀತ’ ಎಂದು ಕಿರಿಯರು ಉತ್ತರ ಕೊಡುತ್ತಾರೆ. ಎರಡೂ ಅವಸರದ ಮಾತುಗಳೇ. ಒಂದು ಕಲೆಯನ್ನು ಹೊಗಳುವ ಮೊದಲು ಅಥವಾ ತೆಗಳುವ ಮೊದಲು ಅದು ಯಾವ ನೆಲದಲ್ಲಿ, ಯಾವ ಕಷ್ಟಕಾಲದಲ್ಲಿ, ಯಾರ ಬಾಯಲ್ಲಿ ಹುಟ್ಟಿತೆಂಬುದನ್ನು ತಿಳಿಯುವುದು ನ್ಯಾಯ. ಅಷ್ಟನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಎರಡು ಹೆಸರುಗಳನ್ನು ಬೇರ್ಪಡಿಸಿಕೊಳ್ಳಬೇಕು. ಹಿಪ್ ಹಾಪ್ ಎಂಬುದು ಒಂದು ಸಂಸ್ಕೃತಿಯ ಹೆಸರು. ಅದಕ್ಕೆ ನಾಲ್ಕು ಅಂಗಗಳೆಂದು ಬಲ್ಲವರು ಹೇಳುತ್ತಾರೆ. ಗ್ರಾಮಫೋನು ತಟ್ಟೆಗಳನ್ನು ಕೈಚಳಕದಿಂದ ನುಡಿಸುವ ಡಿ.ಜೆ. ಕಲೆ ಮೊದಲನೆಯದು, ತಾಳಕ್ಕೆ ಮಾತನ್ನು ಹೊಂದಿಸಿ ಹೇಳುವ ರ‍್ಯಾಪ್ ಎರಡನೆಯದು, ನೆಲಕ್ಕೆ ಬಿದ್ದು ಎದ್ದು, ತಲೆಯ ಮೇಲೆ ಬುಗುರಿಯಂತೆ ತಿರುಗುವ ಬ್ರೇಕ್ ನೃತ್ಯ ಮೂರನೆಯದು, ಗೋಡೆಗಳ ಮೇಲೆಯೂ ರೈಲುಗಾಡಿಗಳ ಮೇಲೆಯೂ ಬಣ್ಣದಲ್ಲಿ ಹೆಸರು ಬರೆಯುವ ಗ್ರಾಫಿಟಿ ನಾಲ್ಕನೆಯದು. ಹೀಗೆ ರ‍್ಯಾಪ್ ಎಂಬುದು ಹಿಪ್ ಹಾಪಿನ ಒಂದು ಅಂಗ ಮಾತ್ರ. ಆದರೂ ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚು ದೂರ ಹೋದದ್ದು ಅದೇ. ಏಕೆಂದರೆ ಮಾತಿಗೆ ಬೇಕಾದ ಬಂಡವಾಳ ಎಲ್ಲಕ್ಕಿಂತ ಕಡಮೆ.

ಹುಟ್ಟಿದ ನೆಲ

ಅಮೆರಿಕದ ನ್ಯೂಯಾರ್ಕ್ ನಗರದ ಐದು ವಿಭಾಗಗಳಲ್ಲಿ ಬ್ರಾಂಕ್ಸ್ ಎಂಬುದು ಒಂದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ರಾಬರ್ಟ್ ಮೋಸಸ್ ಎಂಬ ಪ್ರಭಾವಶಾಲಿ ಅಧಿಕಾರಿ ಈ ಬ್ರಾಂಕ್ಸಿನ ನಡುಮೈಯನ್ನು ಸೀಳಿಕೊಂಡು ಹೋಗುವಂತೆ ಒಂದು ಮಹಾರಸ್ತೆಯನ್ನು ಯೋಜಿಸಿದನು. ‘ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್ ವೇ’ ಎಂಬ ಈ ರಸ್ತೆಯ ಕೆಲಸ ೧೯೪೮ರಲ್ಲಿ ಮೊದಲಾಯಿತು. ಈಸ್ಟ್ ಟ್ರೆಮಾಂಟ್ ಎಂಬ ಬಡಾವಣೆಯೊಂದರಲ್ಲಿಯೇ, ಕೇವಲ ಒಂದು ಮೈಲಿ ದಾರಿಗಾಗಿ, ಸುಮಾರು ೧,೫೦೦ ಕುಟುಂಬಗಳು ಮನೆ ಬಿಡಬೇಕಾಯಿತು. ಅನುಕೂಲವಿದ್ದವರು ಉಪನಗರಗಳಿಗೆ ಹೊರಟುಹೋದರು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಉಳಿದವರು ಆಫ್ರಿಕನ್ ಮೂಲದ ಕಪ್ಪು ಜನ, ಪೋರ್ಟೊರಿಕೋ ದ್ವೀಪದಿಂದ ಬಂದವರು, ಜಮೈಕಾ ಮೊದಲಾದ ಕೆರಿಬಿಯನ್ ದ್ವೀಪಗಳಿಂದ ಹೊಟ್ಟೆಪಾಡಿಗೆ ಬಂದು ನೆಲೆಸಿದವರು.

೧೯೭೦ರ ದಶಕದಲ್ಲಿ ದಕ್ಷಿಣ ಬ್ರಾಂಕ್ಸ್ ಅಕ್ಷರಶಃ ಹೊತ್ತಿ ಉರಿಯಿತು. ಬಾಡಿಗೆಯಿಂದ ಬರುವ ಹಣಕ್ಕಿಂತ ಬೆಂಕಿ ವಿಮೆಯಿಂದ ಬರುವ ಹಣವೇ ಹೆಚ್ಚೆಂದು ಲೆಕ್ಕ ಹಾಕಿದ ಕೆಲವು ಮಾಲೀಕರು ತಮ್ಮ ಕಟ್ಟಡಗಳಿಗೆ ತಾವೇ ಬೆಂಕಿ ಇಡಿಸಿದರು. ಅದೇ ಕಾಲಕ್ಕೆ ನಗರಾಡಳಿತವು ಖರ್ಚು ಉಳಿಸಲೆಂದು ಅಗ್ನಿಶಾಮಕ ಠಾಣೆಗಳನ್ನು ಮುಚ್ಚಿತು. ೧೯೭೦ರಿಂದ ೧೯೮೦ರೊಳಗೆ ಬ್ರಾಂಕ್ಸಿನ ಏಳು ಗಣತಿ ವಲಯಗಳಲ್ಲಿ ನೂರಕ್ಕೆ ೯೭ಕ್ಕಿಂತ ಹೆಚ್ಚು ಕಟ್ಟಡಗಳು ಬೆಂಕಿಗೆ ಸಿಕ್ಕೋ, ಹಾಳುಬಿದ್ದೋ ಇಲ್ಲವಾದವು. ೧೯೭೭ರ ಅಕ್ಟೋಬರಿನಲ್ಲಿ ರಾಷ್ಟ್ರಾಧ್ಯಕ್ಷ ಜಿಮ್ಮಿ ಕಾರ್ಟರ್ ಅಲ್ಲಿಯ ಷಾರ್ಲಟ್ ಬೀದಿಗೆ ಬಂದು ನಿಂತಾಗ ಅವರ ಸುತ್ತ ಕಂಡದ್ದು ಇಟ್ಟಿಗೆಯ ರಾಶಿಗಳು. ಇಂಥ ಬೀದಿಗಳಲ್ಲಿ ಬೆಳೆದ ಹುಡುಗರು ಗುಂಪು ಕಟ್ಟಿಕೊಂಡರು. ಗುಂಪುಗಳು ಒಂದರೊಡನೊಂದು ಹೊಡೆದಾಡಿದವು. ೧೯೭೧ರ ಡಿಸೆಂಬರಿನಲ್ಲಿ ‘ಘೆಟ್ಟೊ ಬ್ರದರ್ಸ್’ ಎಂಬ ಗುಂಪಿನ ತರುಣನೊಬ್ಬ ಜಗಳ ಬಿಡಿಸಲು ಹೋಗಿ ಕೊಲೆಯಾದನು. ಸೇಡಿಗೆ ಸೇಡೆಂದು ಊರೇ ಹತ್ತಿಕೊಳ್ಳಬೇಕಾಗಿತ್ತು. ಆದರೆ ಆ ಗುಂಪಿನವರೇ ಮುಂದೆ ಬಂದು, ಹೋ ಅವೆನ್ಯೂ ಎಂಬಲ್ಲಿ ಎಲ್ಲ ಗುಂಪುಗಳ ಮುಖಂಡರನ್ನು ಸೇರಿಸಿ ಸಂಧಾನ ಮಾಡಿಸಿದರು. ಈ ಸಂಧಾನದ ಫಲವಾಗಿ ಒಂದು ಬೀದಿಯ ಹುಡುಗ ಇನ್ನೊಂದು ಬೀದಿಗೆ ಜೀವಭಯವಿಲ್ಲದೆ ಹೋಗಿ ಕುಣಿದು ಬರುವುದು ಸಾಧ್ಯವಾಗತೊಡಗಿತು. ಹಿಪ್ ಹಾಪಿನ ಚರಿತ್ರೆಯನ್ನು ಬರೆಯುವವರು ಈ ಸಂಧಾನವನ್ನು ಮರೆಯುವುದಿಲ್ಲ.

ಒಂದು ಹುಟ್ಟುಹಬ್ಬದಂಥ ದಿನ

೧೯೭೩ರ ಆಗಸ್ಟ್ ೧೧. ಸೆಜ್‌ವಿಕ್ ಅವೆನ್ಯೂವಿನ ೧೫೨೦ನೆಯ ನಂಬರಿನ ವಸತಿ ಕಟ್ಟಡದ ಕೆಳ ಅಂತಸ್ತಿನ ಕೋಣೆಯಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಒಂದು ಕುಣಿತದ ಕೂಟವನ್ನು ಏರ್ಪಡಿಸಿದಳು. ಶಾಲೆ ಮತ್ತೆ ತೆರೆಯುವ ಕಾಲ. ಹೊಸ ಬಟ್ಟೆಗೆ ಹಣ ಬೇಕಾಗಿತ್ತು. ಪ್ರವೇಶಧನ ಹುಡುಗಿಯರಿಗೆ ೨೫ ಸೆಂಟು, ಹುಡುಗರಿಗೆ ೫೦ ಸೆಂಟು. ಹಾಡಿನ ತಟ್ಟೆಗಳನ್ನು ನುಡಿಸುವ ಹೊಣೆ ಅವಳ ಅಣ್ಣ, ಹದಿನೆಂಟು ವರ್ಷದ ಕ್ಲೈವ್ ಕ್ಯಾಂಬೆಲ್‌ನದು. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ, ೧೯೬೭ರಲ್ಲಿ ಬ್ರಾಂಕ್ಸಿಗೆ ಬಂದ ಈ ಆಜಾನುಬಾಹು ಹುಡುಗನನ್ನು ಗೆಳೆಯರು ಹರ್ಕ್ಯುಲಿಸ್ ಎಂದು ಕರೆಯುತ್ತಿದ್ದರು, ಅದರಿಂದಲೇ ‘ಡಿ.ಜೆ. ಕೂಲ್ ಹರ್ಕ್’ ಎಂಬ ಹೆಸರು ನಿಂತಿತು.

ಹರ್ಕ್ ಒಂದು ಸಂಗತಿಯನ್ನು ಗಮನಿಸಿದ್ದನು. ಹಾಡು ನಡೆಯುತ್ತಿರುವಾಗ ಕುಣಿಯುವವರು ಸುಮ್ಮನೆ ಕಾಯುತ್ತಿದ್ದು, ಹಾಡಿನ ನಡುವೆ ಹಾಡುಗಾರನೂ ಉಳಿದ ವಾದ್ಯಗಳೂ ನಿಂತು, ಬರಿಯ ತಾಳವಾದ್ಯಗಳು ನುಡಿಯುವ ಕೆಲವು ಕ್ಷಣ ಬಂದೊಡನೆ ಮೈತುಂಬಿ ಕುಣಿಯುತ್ತಿದ್ದರು. ಈ ಭಾಗಕ್ಕೆ ‘ಬ್ರೇಕ್’ ಎಂದು ಹೆಸರು. ಜೇಮ್ಸ್ ಬ್ರೌನ್ ಮೊದಲಾದವರ ಹಾಡುಗಳಲ್ಲಿ ಇಂಥ ಬ್ರೇಕುಗಳು ಹೇರಳವಾಗಿದ್ದವು. ಆದರೆ ಅವು ಬಹಳ ಚಿಕ್ಕವು. ಹರ್ಕ್ ಮಾಡಿದ ಉಪಾಯ ಸರಳವಾದದ್ದು. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲೆ ಇಟ್ಟನು. ಮೊದಲ ತಟ್ಟೆಯಲ್ಲಿ ಬ್ರೇಕ್ ಮುಗಿಯುತ್ತಲೇ ಎರಡನೆಯದರಲ್ಲಿ ಅದೇ ಬ್ರೇಕನ್ನು ಮೊದಲಿನಿಂದ ಹಿಡಿದನು. ಅಷ್ಟರಲ್ಲಿ ಮೊದಲನೆಯದನ್ನು ಹಿಂದಕ್ಕೆ ತಂದನು. ಕ್ಷಣಗಳು ಮಾತ್ರ ಇದ್ದ ತಾಳ ನಿಮಿಷಗಟ್ಟಲೆ ಹರಿಯಿತು. ಆ ಬ್ರೇಕಿಗೆ ಕುಣಿಯುವವರಿಗೆ ‘ಬಿ-ಬಾಯ್’, ‘ಬಿ-ಗರ್ಲ್’ ಎಂಬ ಹೆಸರು ಬಂದಿತು.

ಹರ್ಕ್ ಸೂಜಿಯನ್ನು ಕಣ್ಣಳತೆಯಲ್ಲಿ ಇಡುತ್ತಿದ್ದನು. ತಾಳ ಒಮ್ಮೊಮ್ಮೆ ತಪ್ಪುತ್ತಿತ್ತು. ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿ ಬ್ರಾಂಕ್ಸಿನಲ್ಲಿ ಬೆಳೆದ ಜೋಸೆಫ್ ಸ್ಯಾಡ್ಲರ್ ಎಂಬವನು ಈ ತೊಡಕನ್ನು ಬಿಡಿಸಿದನು. ವೃತ್ತಿಶಿಕ್ಷಣದ ಶಾಲೆಯಲ್ಲಿ ವಿದ್ಯುತ್ ಉಪಕರಣಗಳ ವಿಷಯ ಕಲಿತಿದ್ದ ಅವನು ತಟ್ಟೆಯ ಮೇಲೆ ಬಳಪದಿಂದ ಗುರುತು ಹಾಕಿ, ಗಡಿಯಾರದ ಮುಳ್ಳನ್ನು ನೋಡುವಂತೆ ಗುರುತನ್ನು ನೋಡುತ್ತ, ಇಷ್ಟು ಸುತ್ತು ಹಿಂದಕ್ಕೆ ತಿರುಗಿಸಿದರೆ ಬ್ರೇಕಿನ ಆರಂಭ ಬರುವುದೆಂದು ನಿಖರವಾಗಿ ಲೆಕ್ಕ ಹಾಕಿದನು. ಇವನೇ ‘ಗ್ರಾಂಡ್‌ಮಾಸ್ಟರ್ ಫ್ಲ್ಯಾಷ್’. ತಿರುಗುವ ತಟ್ಟೆಯನ್ನು ಕೈಯಿಂದ ಹಿಂದೆ ಮುಂದೆ ಉಜ್ಜಿ ಗರಗರ ನಾದ ಹೊರಡಿಸುವ ‘ಸ್ಕ್ರ್ಯಾಚ್’ ಎಂಬ ತಂತ್ರವನ್ನು ಸುಮಾರು ೧೯೭೫ರಲ್ಲಿ ಕಂಡುಹಿಡಿದವನು ಥಿಯೋಡರ್ ಎಂಬ ಹನ್ನೆರಡು ವರ್ಷದ ಬಾಲಕನೆಂದು ಪ್ರಸಿದ್ಧಿ. ಪಿಟೀಲು, ಪಿಯಾನೋಗಳನ್ನು ಕೊಳ್ಳಲು ಹಣವಿಲ್ಲದವರು, ಹಾಡು ಕೇಳುವ ಯಂತ್ರವನ್ನೇ ಹಾಡುವ ಯಂತ್ರವನ್ನಾಗಿ ಮಾಡಿಕೊಂಡರು. ಇಡೀ ಹಿಪ್ ಹಾಪಿನ ಅಡಿಪಾಯ ಇದೇ.

ಮಾತಿನ ಬೇರುಗಳು

ತಟ್ಟೆ ನುಡಿಸುವವನ ಪಕ್ಕದಲ್ಲಿ ಧ್ವನಿವರ್ಧಕ ಹಿಡಿದು ಜನರನ್ನು ಹುರಿದುಂಬಿಸುವವನೊಬ್ಬ ಬೇಕಾಗಿತ್ತು. ಅವನಿಗೆ ಎಂ.ಸಿ. ಎಂದು ಹೆಸರು. ಹರ್ಕ್‌ನ ಕೂಟದಲ್ಲಿ ಕೋಕ್ ಲಾ ರಾಕ್ ಎಂಬ ಗೆಳೆಯ ಆ ಕೆಲಸ ಮಾಡಿದನು. ಮೊದಮೊದಲು ಅದು ಬಂದವರ ಹೆಸರು ಕೂಗುವುದು, ಒಂದೆರಡು ಪ್ರಾಸದ ಮಾತು ಹೇಳುವುದು, ಇಷ್ಟೇ ಆಗಿತ್ತು. ಕ್ರಮೇಣ ಮಾತು ಬೆಳೆದು ಪದ್ಯವಾಯಿತು. ಪದ್ಯ ಬೆಳೆದು ಕಥೆಯಾಯಿತು. ಫ್ಲ್ಯಾಷ್‌ನ ತಂಡದಲ್ಲಿದ್ದ ‘ಕೌಬಾಯ್’ ಎಂಬ ಅಡ್ಡಹೆಸರಿನ ಎಂ.ಸಿ.ಯು, ಸೇನೆಗೆ ಸೇರಿದ ಗೆಳೆಯನೊಬ್ಬನನ್ನು ರೇಗಿಸಲು ಸಿಪಾಯಿಗಳ ನಡಿಗೆಯ ಸದ್ದನ್ನು ಅಣಕಿಸಿದ್ದರಿಂದ ‘ಹಿಪ್ ಹಾಪ್’ ಎಂಬ ಹೆಸರು ಹುಟ್ಟಿತೆಂದು ಒಂದು ಹೇಳಿಕೆಯುಂಟು.

ಈ ಮಾತುಗಾರಿಕೆ ಒಂದೇ ದಿನದಲ್ಲಿ ಆಕಾಶದಿಂದ ಉದುರಲಿಲ್ಲ. ಜಮೈಕಾದಲ್ಲಿ ದೊಡ್ಡ ಧ್ವನಿವರ್ಧಕಗಳನ್ನು ಬೀದಿಯಲ್ಲಿ ಹೂಡಿ, ಹಾಡಿನ ತಾಳದ ಮೇಲೆ ಮಾತನಾಡುವ ‘ಟೋಸ್ಟಿಂಗ್’ ಎಂಬ ಪದ್ಧತಿ ಮೊದಲೇ ಇತ್ತು. ಯು-ರಾಯ್ ಅದರಲ್ಲಿ ಹೆಸರಾದವನು. ಅಮೆರಿಕದ ಕಪ್ಪು ಜನರ ಬೀದಿಗಳಲ್ಲಿ ಹುಡುಗರು ಎದುರುಬದುರು ನಿಂತು ಪರಸ್ಪರರನ್ನು ಚಮತ್ಕಾರವಾಗಿ ಹೀಯಾಳಿಸುವ ‘ಡಜನ್ಸ್’ ಎಂಬ ಆಟವೊಂದಿತ್ತು, ಸಿಟ್ಟಾದವನು ಸೋತಂತೆ. ಅವರ ಚರ್ಚುಗಳಲ್ಲಿ ಉಪದೇಶಕನ ಮಾತು ಏರುತ್ತ ಏರುತ್ತ ಹಾಡಾಗುವ ಸಂಪ್ರದಾಯವಿತ್ತು. ೧೯೬೮ರಲ್ಲಿ ಹಾರ್ಲೆಮಿನಲ್ಲಿ ಕೂಡಿದ ‘ಲಾಸ್ಟ್ ಪೊಯೆಟ್ಸ್’ ಎಂಬ ಕವಿಗಳ ತಂಡವೂ, ಗಿಲ್ ಸ್ಕಾಟ್-ಹೆರನ್ ಎಂಬ ಕವಿಯೂ ತಾಳವಾದ್ಯದೊಡನೆ ರಾಜಕೀಯ ಕವಿತೆಗಳನ್ನು ನುಡಿದು ದಾರಿ ತೋರಿಸಿದ್ದರು. ಇನ್ನೂ ಹಿಂದಕ್ಕೆ ಹೋದರೆ, ಪಶ್ಚಿಮ ಆಫ್ರಿಕದಲ್ಲಿ ವಂಶಾವಳಿಗಳನ್ನೂ ಚರಿತ್ರೆಯನ್ನೂ ಬಾಯಲ್ಲಿಯೇ ಕಾಪಾಡಿಕೊಂಡು ಬಂದ ‘ಗ್ರಿಯೋ’ ಗಾಯಕರನ್ನು ಹಲವು ವಿದ್ವಾಂಸರು ನೆನೆಯುತ್ತಾರೆ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ನಮ್ಮಲ್ಲಿದೆ. ಬ್ರಾಂಕ್ಸಿನಲ್ಲಿ ಇದು ಬೇರೊಂದು ಅರ್ಥದಲ್ಲಿ ನಿಜವಾಯಿತು. ಚಾಕು ಹಿಡಿದು ತೀರಿಸಿಕೊಳ್ಳುತ್ತಿದ್ದ ಮೇಲಾಟವನ್ನು ಅಲ್ಲಿಯ ಅನೇಕ ತರುಣರು ಕುಣಿತದಲ್ಲಿಯೂ ಪ್ರಾಸದಲ್ಲಿಯೂ ತೀರಿಸಿಕೊಳ್ಳಲು ಕಲಿತರು. ಇಬ್ಬರು ಎಂ.ಸಿ.ಗಳು ಸಭೆಯೆದುರು ನಿಂತು ಆಶುಪದ್ಯಗಳಿಂದ ಹೋರಾಡುವ ‘ಬ್ಯಾಟಲ್’ ನಮ್ಮ ಉತ್ತರ ಕರ್ನಾಟಕದ ಲಾವಣಿಯ ಹರದೇಶಿ-ನಾಗೇಶಿ ವಾದವನ್ನು ಬಲ್ಲವರಿಗೆ ಅಪರಿಚಿತವೆನಿಸದು. ಎರಡಕ್ಕೂ ರಕ್ತಸಂಬಂಧವೇನೂ ಇಲ್ಲ; ಮಾತಿನಲ್ಲಿ ಗೆಲ್ಲಬೇಕೆಂಬ ಆಸೆ ಎಲ್ಲ ದೇಶದ ಜನರಿಗೂ ಇದೆ, ಅಷ್ಟೆ.

ರ‍್ಯಾಪಿನ ಛಂದಸ್ಸು

ರ‍್ಯಾಪಿನಲ್ಲಿ ಕಾವ್ಯದ ಕಟ್ಟಡವೆಲ್ಲಿದೆ ಎಂದು ಕೇಳುವವರಿಗಾಗಿ ಈ ಮಾತು. ಸಾಮಾನ್ಯವಾಗಿ ರ‍್ಯಾಪಿನ ತಾಳ ನಾಲ್ಕು ಪೆಟ್ಟಿನ ಆವರ್ತ. ಎರಡನೆಯ ಮತ್ತು ನಾಲ್ಕನೆಯ ಪೆಟ್ಟುಗಳು ಗಟ್ಟಿಯಾಗಿ ಬೀಳುತ್ತವೆ. ಹದಿನಾರು ಆವರ್ತಗಳು ಸೇರಿದರೆ ಒಂದು ಖಂಡ. ಖಂಡಗಳ ನಡುವೆ ಪಲ್ಲವಿ. ಈ ಚೌಕಟ್ಟಿನೊಳಗೆ ಮಾತನ್ನು ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಒತ್ತಬೇಕು, ಎಲ್ಲಿ ತಾಳಕ್ಕೆ ಒಂದು ಕೂದಲೆಳೆ ಹಿಂದೆ ಬಿದ್ದು ಕೇಳುವವನ ಉಸಿರು ಹಿಡಿಸಬೇಕು ಎಂಬುದರಲ್ಲಿಯೇ ಕಲೆಗಾರನ ಯೋಗ್ಯತೆ ತಿಳಿಯುತ್ತದೆ. ಈ ನಡೆಗೆ ಅವರು ‘ಫ್ಲೋ’, ಎಂದರೆ ಹರಿವು, ಎನ್ನುತ್ತಾರೆ.

ನಮ್ಮ ಹಳೆಯ ಕವಿಗಳಿಗೆ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ನಿಲ್ಲಬೇಕಾಗಿತ್ತು. ಮೊದಲ ಕಾಲದ ರ‍್ಯಾಪಿನಲ್ಲಿ ಪ್ರಾಸ ಸಾಲಿನ ಕೊನೆಯಲ್ಲಿ ಮಾತ್ರ ಬರುತ್ತಿತ್ತು. ಮಕ್ಕಳ ಪದ್ಯದಂತೆ ಕೇಳುತ್ತಿತ್ತು. ೧೯೮೭ರಲ್ಲಿ ‘ಪೇಯ್ಡ್ ಇನ್ ಫುಲ್’ ಎಂಬ ಸಂಪುಟವನ್ನು ಎರಿಕ್ ಬಿ. ಜೊತೆಗೂಡಿ ತಂದ ರಕೀಮ್ ಎಂಬ ಗಾಯಕ ಸಾಲಿನ ಒಡಲಲ್ಲಿಯೂ ಪ್ರಾಸವನ್ನು ಹೆಣೆದನು. ಒಂದು ಸಾಲಿನ ಅರ್ಥವನ್ನು ಮುಂದಿನ ಸಾಲಿಗೆ ಹರಿಯಬಿಟ್ಟನು. ಅವನ ಮಾತು ಕೂಗಾಟವನ್ನು ಬಿಟ್ಟು ಶಾಂತವಾಗಿ ನಡೆಯಿತು. ಅಂದಿನಿಂದ ರ‍್ಯಾಪ್ ಬರೆಯುವವರಿಗೆ ಸಾಲಿನ ಕೊನೆಯ ಪ್ರಾಸವೊಂದೇ ಸಾಲದಾಯಿತು.

ತಟ್ಟೆಯಿಂದ ಜಗತ್ತಿಗೆ

ಮೊದಲ ಆರು ವರ್ಷ ಈ ಕಲೆ ಬೀದಿ, ಉದ್ಯಾನ, ನೆಲಮಾಳಿಗೆಗಳಲ್ಲಿಯೇ ಉಳಿಯಿತು. ೧೯೭೯ರಲ್ಲಿ ಸಿಲ್ವಿಯಾ ರಾಬಿನ್‌ಸನ್ ಎಂಬ ಗಾಯಕಿ-ಉದ್ಯಮಿ ನ್ಯೂಜೆರ್ಸಿಯಲ್ಲಿ ಮೂವರು ತರುಣರನ್ನು ಕೂಡಿಸಿ ‘ಷುಗರ್‌ಹಿಲ್ ಗ್ಯಾಂಗ್’ ಎಂಬ ತಂಡ ಕಟ್ಟಿ, ‘ರ‍್ಯಾಪರ್ಸ್ ಡಿಲೈಟ್’ ಎಂಬ ಹಾಡನ್ನು ಮುದ್ರಿಸಿದಳು. ಹಾಡಿನ ಪೂರ್ಣರೂಪ ಹದಿನಾಲ್ಕು ನಿಮಿಷಕ್ಕಿಂತ ಉದ್ದ. ಅದು ಅಮೆರಿಕದ ಮೊದಲ ನಲವತ್ತು ಜನಪ್ರಿಯ ಹಾಡುಗಳ ಪಟ್ಟಿಗೆ ಏರಿತು. ಆದರೆ ಆ ಮೂವರಲ್ಲಿ ಒಬ್ಬನು ಹೇಳಿದ ಸಾಲುಗಳು ಗ್ರಾಂಡ್‌ಮಾಸ್ಟರ್ ಕಾಜ್ ಎಂಬ ಬ್ರಾಂಕ್ಸಿನ ಎಂ.ಸಿ.ಯ ಪುಸ್ತಕದಿಂದ ತೆಗೆದುಕೊಂಡವು. ಕಾಜ್‌ನ ಹೆಸರು ತಟ್ಟೆಯ ಮೇಲೆ ಬರಲಿಲ್ಲ. ಹಾಡಿನ ತಾಳವೋ ‘ಷೀಕ್’ ಎಂಬ ತಂಡದ್ದು. ಅವರು ತಕರಾರು ಎತ್ತಿದ ಮೇಲೆ ಅವರಿಗೆ ಕರ್ತೃತ್ವದ ಮನ್ನಣೆ ದೊರೆಯಿತು. ಬೀದಿಯಲ್ಲಿ ಹಂಚಿಕೊಂಡು ಉಣ್ಣುತ್ತಿದ್ದದ್ದು ಅಂಗಡಿಗೆ ಬಂದೊಡನೆ ‘ಇದು ಯಾರದು?’ ಎಂಬ ಪ್ರಶ್ನೆ ಎದ್ದಿತು. ಆ ಪ್ರಶ್ನೆ ಇಂದಿಗೂ ತೀರಿಲ್ಲ.

೧೯೮೨ರಲ್ಲಿ ಗ್ರಾಂಡ್‌ಮಾಸ್ಟರ್ ಫ್ಲ್ಯಾಷ್ ಮತ್ತು ಫ್ಯೂರಿಯಸ್ ಫೈವ್ ತಂಡದ ಹೆಸರಿನಲ್ಲಿ ‘ದಿ ಮೆಸೇಜ್’ ಬಂದಿತು. ಅದರ ಮಾತುಗಳು ಮುಖ್ಯವಾಗಿ ಮೆಲ್ಲಿ ಮೆಲ್ ಮತ್ತು ಡ್ಯೂಕ್ ಬೂಟೀ ಎಂಬವರವು. ಒಡೆದ ಗಾಜು, ಸಾಲಗಾರರ ಕಾಟ, ಕೆಲಸವಿಲ್ಲದ ಯೌವನ, ಕೊನೆಗೆ ಸೆರೆಮನೆಯಲ್ಲಿ ಮುಗಿಯುವ ಬಾಳು, ಇವನ್ನು ಅದು ಯಾವ ಅಲಂಕಾರವೂ ಇಲ್ಲದೆ ಹೇಳಿತು. ಅಲ್ಲಿಯವರೆಗೆ ಕೂಟಗಳ ಮೋಜಾಗಿದ್ದ ರ‍್ಯಾಪ್ ಸಮಾಜದ ಕನ್ನಡಿಯೂ ಆಗಬಲ್ಲದೆಂಬುದು ಆಗ ಸಿದ್ಧವಾಯಿತು. ೨೦೦೨ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸು ರಾಷ್ಟ್ರೀಯ ಧ್ವನಿಮುದ್ರಿಕೆಗಳ ಪಟ್ಟಿಯನ್ನು ಆರಂಭಿಸಿದಾಗ, ಮೊದಲ ಸಲಕ್ಕೆ ಆರಿಸಿದವುಗಳಲ್ಲಿ ಈ ಹಾಡೂ ಒಂದು.

ಮುಂದಿನ ಬೆಳವಣಿಗೆ ಬಹಳ ವೇಗದ್ದು. ೧೯೮೪ರಲ್ಲಿ ರಿಕ್ ರೂಬಿನ್ ಮತ್ತು ರಸೆಲ್ ಸಿಮನ್ಸ್ ಕೂಡಿ ಡೆಫ್ ಜಾಮ್ ಎಂಬ ಮುದ್ರಿಕೆಯ ಸಂಸ್ಥೆಯನ್ನು ನಡೆಸತೊಡಗಿದರು. ಅದರ ಮೊದಲ ಕಚೇರಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯದಲ್ಲಿ ರೂಬಿನ್‌ನ ಕೋಣೆ! ೧೯೮೬ರಲ್ಲಿ ರನ್-ಡಿ.ಎಂ.ಸಿ. ತಂಡವು ಏರೋಸ್ಮಿತ್ ಎಂಬ ರಾಕ್ ತಂಡದೊಡನೆ ಸೇರಿ ಹಾಡಿದ ‘ವಾಕ್ ದಿಸ್ ವೇ’ ಬಿಳಿಯ ಜನರ ಮನೆಗಳಿಗೂ ರ‍್ಯಾಪನ್ನು ಒಯ್ದಿತು. ೧೯೮೯ರಲ್ಲಿ ಸ್ಪೈಕ್ ಲೀ ಅವರ ಚಲನಚಿತ್ರಕ್ಕಾಗಿ ‘ಪಬ್ಲಿಕ್ ಎನೆಮಿ’ ತಂಡ ರಚಿಸಿದ ‘ಫೈಟ್ ದಿ ಪವರ್’ ಪ್ರತಿಭಟನೆಯ ಘೋಷವಾಯಿತು. ಸ್ತ್ರೀಯರೂ ಹಿಂದೆ ಬೀಳಲಿಲ್ಲ. ರಾಕ್ಸಾನ್ ಷಾಂಟೆ ೧೯೮೪ರಲ್ಲಿ ತನ್ನ ಮೊದಲ ಹಾಡಿನಿಂದ ಹೆಸರಾದಾಗ ಅವಳಿಗೆ ಹದಿನಾಲ್ಕೇ ವರ್ಷ. ಕ್ವೀನ್ ಲತೀಫಾ ೧೯೯೩ರ ತನ್ನ ಹಾಡಿನಲ್ಲಿ, ಹೆಣ್ಣನ್ನು ಹೀನ ಹೆಸರಿನಿಂದ ಕರೆಯುವ ಗಂಡಸರನ್ನು ನೇರವಾಗಿ ಪ್ರಶ್ನಿಸಿದಳು. ಲಾರಿನ್ ಹಿಲ್ ಅವಳ ೧೯೯೮ರ ಸಂಪುಟಕ್ಕೆ ಮರುವರ್ಷ ಗ್ರ್ಯಾಮಿಯ ‘ವರ್ಷದ ಸಂಪುಟ’ ಪ್ರಶಸ್ತಿ ಬಂದಿತು. ಹಿಪ್ ಹಾಪಿಗೆ ಆ ಗೌರವ ಸಂದದ್ದು ಅದೇ ಮೊದಲು.

ದೋಷವೂ ದೂರೂ

ರ‍್ಯಾಪಿನ ಮೇಲೆ ಬರುವ ಆಕ್ಷೇಪಣೆಗಳು ಬರಿಯ ಮಡಿವಂತಿಕೆಯವಲ್ಲ. ಹೆಣ್ಣಿನ ವಿಷಯದಲ್ಲಿ ಹೊಲಸು ಮಾತು, ಹಣದ ಹೆಮ್ಮೆ, ಬಂದೂಕಿನ ಬಡಾಯಿ, ಇವು ಅದರ ಒಂದು ಭಾಗದಲ್ಲಿ ಧಾರಾಳವಾಗಿವೆ. ಕಲೆಯೆಂಬ ಹೆಸರಿನಿಂದ ಇವನ್ನು ಮುಚ್ಚಿಡುವುದು ಸರಿಯಲ್ಲ. ಇಂಥ ಮಾತಿಗೇ ಹೆಚ್ಚು ಗಿರಾಕಿಯೆಂದು ಕಂಡುಕೊಂಡ ವ್ಯಾಪಾರಿಗಳು ಅದನ್ನೇ ಬೆಳೆಸಿದರೆಂಬುದೂ ಸುಳ್ಳಲ್ಲ.

ಆದರೆ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಲಾಸ್ ಏಂಜಲಿಸ್ ನಗರದ ಪಕ್ಕದ ಕಾಂಪ್ಟನ್ನಿನಿಂದ ಬಂದ ಎನ್.ಡಬ್ಲ್ಯು.ಎ. ಎಂಬ ತಂಡ ೧೯೮೮ರಲ್ಲಿ ಪೋಲೀಸರ ದೌರ್ಜನ್ಯವನ್ನು ಅತಿ ಕಟುವಾದ ಭಾಷೆಯಲ್ಲಿ ಬೈದಿತು. ೧೯೮೯ರಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್.ಬಿ.ಐ.ಯ ಅಧಿಕಾರಿಯೊಬ್ಬರು ಆ ಹಾಡನ್ನು ಖಂಡಿಸಿ ಮುದ್ರಿಕೆಯ ಸಂಸ್ಥೆಗೆ ಪತ್ರ ಬರೆದರು. ಮೂರು ವರ್ಷವೂ ತುಂಬಲಿಲ್ಲ. ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಪೋಲೀಸರು ಬಡಿಯುವ ದೃಶ್ಯವನ್ನು ದೇಶವೆಲ್ಲ ದೂರದರ್ಶನದಲ್ಲಿ ನೋಡಿತು. ೧೯೯೨ರ ಏಪ್ರಿಲಿನಲ್ಲಿ ಆ ಪೋಲೀಸರು ನಿರ್ದೋಷಿಗಳೆಂದು ತೀರ್ಪು ಬಂದಾಗ ಲಾಸ್ ಏಂಜಲಿಸ್ ಹೊತ್ತಿಕೊಂಡಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಹಾಡು ಗಲಭೆಯನ್ನು ಹುಟ್ಟಿಸಿತೋ, ಗಲಭೆಯಾಗುವುದೆಂದು ಮೊದಲೇ ಹೇಳಿತ್ತೋ? ಯೋಚಿಸತಕ್ಕ ಪ್ರಶ್ನೆ. ಹಾಗೆಂದು ಮಾತಿನ ಬೆಂಕಿ ಮನೆಯನ್ನು ಸುಡದೆ ಬಿಡಲಿಲ್ಲ. ಪಶ್ಚಿಮ ಕರಾವಳಿಯ ಟುಪಾಕ್ ಷಕೂರ್ ೧೯೯೬ರ ಸೆಪ್ಟೆಂಬರಿನಲ್ಲಿ, ಪೂರ್ವ ಕರಾವಳಿಯ ನಟೋರಿಯಸ್ ಬಿ.ಐ.ಜಿ. ೧೯೯೭ರ ಮಾರ್ಚಿನಲ್ಲಿ ಗುಂಡೇಟಿಗೆ ಬಲಿಯಾದರು. ಒಬ್ಬನಿಗೆ ೨೫ ವರ್ಷ, ಇನ್ನೊಬ್ಬನಿಗೆ ೨೪. ‘ಮಾತೇ ಮುತ್ತು, ಮಾತೇ ಮೃತ್ಯು’ ಎಂಬುದಕ್ಕೆ ಇದಕ್ಕಿಂತ ದಾರುಣವಾದ ಉದಾಹರಣೆ ಬೇಡ.

ಹಾಡಿನಲ್ಲಿ ‘ನಾನು ಕೊಂದೆ’ ಎಂದವನು ನಿಜವಾಗಿಯೂ ಕೊಂದನೆಂದು ತಿಳಿಯಬಹುದೇ? ಅಮೆರಿಕದ ನ್ಯಾಯಾಲಯಗಳಲ್ಲಿ ಎಷ್ಟೋ ಮೊಕದ್ದಮೆಗಳಲ್ಲಿ ಆರೋಪಿಯ ರ‍್ಯಾಪ್ ಸಾಲುಗಳನ್ನು ಸಾಕ್ಷ್ಯವಾಗಿ ಓದಿದ್ದುಂಟು. ನಾಟಕದಲ್ಲಿ ಕೀಚಕನ ಪಾತ್ರ ಕಟ್ಟಿದವನನ್ನು ಕೀಚಕನೆಂದೇ ಶಿಕ್ಷಿಸಿದಂತೆ ಇದು, ಎಂದು ಕಲೆಗಾರರ ವಾದ. ೨೦೨೨ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು ಇಂಥ ಸಾಕ್ಷ್ಯದ ಬಳಕೆಗೆ ಮಿತಿ ಹಾಕುವ ಕಾನೂನನ್ನು ಮಾಡಿತು. ಕವಿಯೂ ಕಾವ್ಯದ ‘ನಾನು’ವೂ ಒಂದೇ ಅಲ್ಲವೆಂಬ, ನಾವು ತರಗತಿಯಲ್ಲಿ ಕಲಿಯುವ ಪಾಠ ಅಲ್ಲಿ ಕೆಲವರ ಸ್ವಾತಂತ್ರ್ಯದ ಪ್ರಶ್ನೆಯಾಗಿದೆ.

ಹಳೆಯ ಹಾಡುಗಳ ತುಣುಕುಗಳನ್ನು ತೆಗೆದು ಹೊಸ ಹಾಡು ಕಟ್ಟುವ ‘ಸ್ಯಾಂಪ್ಲಿಂಗ್’ ಕುರಿತೂ ನ್ಯಾಯಾಲಯಗಳಲ್ಲಿ ವಾದ ನಡೆಯಿತು. ೧೯೯೧ರಲ್ಲಿ ಬಿಜ್ ಮಾರ್ಕಿ ಎಂಬ ಗಾಯಕನ ಮೇಲೆ ಹೂಡಿದ ದಾವೆಯಲ್ಲಿ ಅನುಮತಿಯಿಲ್ಲದ ಸ್ಯಾಂಪ್ಲಿಂಗ್ ಕಳ್ಳತನವೇ ಎಂದು ತೀರ್ಪಾಯಿತು. ಅಂದಿನಿಂದ ಒಂದೊಂದು ತುಣುಕಿಗೂ ಬೆಲೆ ತೆರಬೇಕಾಯಿತು. ಹತ್ತಾರು ತುಣುಕುಗಳಿಂದ ಹಾಡು ಹೆಣೆಯುವ ಪದ್ಧತಿ ದುಬಾರಿಯಾಯಿತು. ಹಾಗಾದರೆ ಹಳಬರಿಗೆಲ್ಲ ನ್ಯಾಯ ದೊರಕಿತೇ? ಜೇಮ್ಸ್ ಬ್ರೌನ್‌ನ ‘ಫಂಕಿ ಡ್ರಮ್ಮರ್’ ಹಾಡಿನಲ್ಲಿ ಡ್ರಮ್ ನುಡಿಸಿದವನು ಕ್ಲೈಡ್ ಸ್ಟಬಲ್‌ಫೀಲ್ಡ್. ಆ ಕೆಲವು ಕ್ಷಣಗಳ ತಾಳವನ್ನು ಎತ್ತಿಕೊಂಡು ಕಟ್ಟಿದ ಹಾಡುಗಳು ನೂರಾರು. ಆದರೆ ಹಾಡಿನ ಕರ್ತೃವೆಂದು ಅವನ ಹೆಸರು ದಾಖಲಾಗಿರಲಿಲ್ಲವಾದ್ದರಿಂದ ಅವುಗಳ ರಾಯಧನಕ್ಕೆ ಅವನು ಹಕ್ಕುದಾರನಾಗಲಿಲ್ಲ. ೨೦೧೭ರಲ್ಲಿ ಅವನು ತೀರಿಕೊಂಡನು. ಕೈ ಒಬ್ಬನದು, ಕಾಗದ ಇನ್ನೊಬ್ಬನದು.

ಹೊರದೇಶಗಳಲ್ಲಿ

ಅಮೆರಿಕದಿಂದ ಹೊರಟ ರ‍್ಯಾಪ್ ಹೋದಲ್ಲೆಲ್ಲ ಆಯಾ ನಾಡಿನ ಭಾಷೆಯನ್ನು ಉಟ್ಟುಕೊಂಡಿತು. ಸೆನೆಗಲ್ಲಿನ ಡಕಾರಿನಲ್ಲಿ ಹುಟ್ಟಿದ ಎಂ.ಸಿ. ಸೋಲಾರ್ ಫ್ರೆಂಚ್ ಭಾಷೆಯ ಸೊಗಸನ್ನು ರ‍್ಯಾಪಿನಲ್ಲಿ ತೋರಿಸಿದನು. ಫ್ರಾನ್ಸಿನ ರೇಡಿಯೋಗಳು ನೂರಕ್ಕೆ ನಲವತ್ತು ಹಾಡುಗಳನ್ನಾದರೂ ಫ್ರೆಂಚಿನಲ್ಲಿಯೇ ಪ್ರಸಾರ ಮಾಡಬೇಕೆಂಬ ನಿಯಮ ೧೯೯೬ರಲ್ಲಿ ಜಾರಿಗೆ ಬಂದಾಗ, ಆ ಜಾಗವನ್ನು ತುಂಬಿದವರಲ್ಲಿ ವಲಸಿಗರ ಮಕ್ಕಳಾದ ರ‍್ಯಾಪ್ ಗಾಯಕರು ಅನೇಕರು. ಭಾಷೆಯನ್ನು ಕಾಪಾಡಲು ಮಾಡಿದ ಕಾನೂನು, ಆ ಭಾಷೆಗೆ ಹೊಸದಾಗಿ ಬಂದವರ ಬಾಯನ್ನು ತೆರೆಸಿತು. ಟ್ಯುನೀಷಿಯಾದಲ್ಲಿ ‘ಎಲ್ ಜನರಾಲ್’ ಎಂಬ ತರುಣ ರಾಷ್ಟ್ರಾಧ್ಯಕ್ಷನನ್ನೇ ಉದ್ದೇಶಿಸಿ ರ‍್ಯಾಪ್ ಹಾಡಿ, ೨೦೧೧ರ ಜನವರಿಯಲ್ಲಿ ಬಂಧಿತನಾದನು. ಅದೇ ತಿಂಗಳು ಜನರ ದಂಗೆಗೆ ಹೆದರಿ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದನು. ಅದೇ ವರ್ಷ ಸೆನೆಗಲ್ಲಿನಲ್ಲಿ ರ‍್ಯಾಪ್ ಗಾಯಕರೂ ಪತ್ರಕರ್ತರೂ ಕೂಡಿ ‘ಇಯಾನಾ ಮಾರ್’, ಎಂದರೆ ‘ಸಾಕಾಯಿತು’, ಎಂಬ ಚಳವಳಿ ಹೂಡಿ, ತರುಣರನ್ನು ಮತಪಟ್ಟಿಗೆ ಸೇರಿಸಿದರು. ೨೦೧೨ರ ಚುನಾವಣೆಯಲ್ಲಿ ಅಧ್ಯಕ್ಷ ವಾಡ್ ಸೋತನು.

ನಮ್ಮ ದೇಶದಲ್ಲಿ ೧೯೯೨ರಲ್ಲಿ ಬಾಬಾ ಸೆಹಗಲ್ ಅವರ ‘ಠಂಡಾ ಠಂಡಾ ಪಾನಿ’ ಮನೆಮಾತಾಯಿತು. ಆದರೆ ಅದು ಹೆಚ್ಚಾಗಿ ವಿನೋದದ ಅನುಕರಣೆ. ಮುಂಬಯಿಯ ಗಲ್ಲಿಗಳಲ್ಲಿ ಬೆಳೆದ ನೇಜಿ ಮತ್ತು ಡಿವೈನ್ ೨೦೧೫ರಲ್ಲಿ ಕೂಡಿ ಹಾಡಿದ ‘ಮೇರೆ ಗಲ್ಲಿ ಮೇಂ’ ಬಂದ ಮೇಲೆ ಅದಕ್ಕೆ ಸ್ವಂತ ನೆಲ ಸಿಕ್ಕಿತು. ೨೦೧೯ರ ‘ಗಲ್ಲಿ ಬಾಯ್’ ಚಲನಚಿತ್ರ ಅವರಿಬ್ಬರ ಬಾಳಿನಿಂದ ಸ್ಫೂರ್ತಿ ಪಡೆಯಿತು. ಬೆಂಗಳೂರಿನ ಬ್ರೋಧಾ ವಿ. ೨೦೧೨ರಲ್ಲಿ ‘ಆತ್ಮರಾಮ’ ಎಂಬ ಹಾಡಿನಲ್ಲಿ ಇಂಗ್ಲಿಷ್ ರ‍್ಯಾಪಿನೊಡನೆ ಭಜನೆಯನ್ನು ಬೆಸೆದರು. ಕೇರಳ ಮೂಲದವರಾಗಿ ಬೆಂಗಳೂರಿನ ವೇದಿಕೆಗಳಲ್ಲಿ ಬೆಳೆದ ಹನುಮಾನ್‌ಕೈಂಡ್ ೨೦೨೪ರ ‘ಬಿಗ್ ಡಾಗ್ಸ್’ ಹಾಡಿನಿಂದ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯನ್ನೇ ಹೊಕ್ಕರು. ಕನ್ನಡದಲ್ಲಿ ಚಂದನ್ ಶೆಟ್ಟಿ, ‘ಆಲ್ ಓಕೆ’ ಎಂಬ ಹೆಸರಿನ ಅಲೋಕ್, ರಾಹುಲ್ ಡಿಟ್-ಓ ಮೊದಲಾದವರು ರ‍್ಯಾಪನ್ನು ಜನರಿಗೆ ಪರಿಚಯಿಸಿದ್ದಾರೆ.

ಕನ್ನಡದಲ್ಲಿ ರ‍್ಯಾಪ್ ಬರೆಯುವವರಿಗೆ ಒಂದು ಅನುಕೂಲವೂ ಒಂದು ಅಪಾಯವೂ ಇದೆ. ನಮ್ಮ ವಾಕ್ಯಗಳ ಕೊನೆಯಲ್ಲಿ ಕ್ರಿಯಾಪದ ಬರುವುದರಿಂದ ‘ಇಲ್ಲ’, ‘ಬಲ್ಲ’, ‘ಬಂದೆ’, ‘ನಿಂದೆ’ ಎಂದು ಪ್ರತ್ಯಯಗಳ ಬಲದಿಂದಲೇ ಅಂತ್ಯಪ್ರಾಸ ಸುಲಭವಾಗಿ ಕೂಡಿಬರುತ್ತದೆ. ಸುಲಭವಾದ ಪ್ರಾಸ ಕೇಳುವವನ ಮನಸ್ಸನ್ನು ಹಿಡಿಯಲಾರದು. ಆದಿಪ್ರಾಸ, ಒಳಪ್ರಾಸ, ಮಾತ್ರಾಗಣಗಳ ನಡೆ, ಇವು ನಮಗೆ ಪಿತ್ರಾರ್ಜಿತವಾಗಿ ಬಂದ ಆಸ್ತಿ. ಇವನ್ನು ಬಳಸಿಕೊಂಡು, ನಮ್ಮ ಬೀದಿಯ ಸುದ್ದಿಯನ್ನು ನಮ್ಮ ಜಿಲ್ಲೆಯ ನುಡಿಯಲ್ಲಿ ಹೇಳಿದರೆ ಕನ್ನಡದ ರ‍್ಯಾಪ್ ಬ್ರಾಂಕ್ಸಿನ ನೆರಳಾಗಿ ಉಳಿಯಬೇಕಾಗಿಲ್ಲ.

ಮರ್ಯಾದೆಯೂ ಮನೆಬಾಡಿಗೆಯೂ

ಇಂದು ಹಿಪ್ ಹಾಪಿಗೆ ಮರ್ಯಾದೆಯ ಕೊರತೆಯಿಲ್ಲ. ೨೦೧೮ರಲ್ಲಿ ಕಾಂಪ್ಟನ್ನಿನ ಕೆಂಡ್ರಿಕ್ ಲಾಮಾರ್‌ಗೆ ‘ಡ್ಯಾಮ್’ ಸಂಪುಟಕ್ಕಾಗಿ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂದಿತು. ಶಾಸ್ತ್ರೀಯ ಸಂಗೀತಕ್ಕೂ ಜಾಝ್‌ಗೂ ಹೊರಗಿನ ಕೃತಿಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕ್ ನೃತ್ಯ ಸ್ಪರ್ಧೆಯಾಗಿ ಸೇರಿತು. ಹೆಂಗಸರಲ್ಲಿ ಜಪಾನಿನ ಆಮಿಗೂ ಗಂಡಸರಲ್ಲಿ ಕೆನಡಾದ ಫಿಲ್ ವಿಜರ್ಡ್‌ಗೂ ಚಿನ್ನದ ಪದಕ ದೊರೆಯಿತು. ಬೀದಿಯಲ್ಲಿ ರಟ್ಟು ಹಾಸಿಕೊಂಡು ಕುಣಿದವರ ಕಲೆಗೆ ಐವತ್ತು ವರ್ಷಗಳಲ್ಲಿ ಈ ಸ್ಥಾನ ಲಭಿಸಿತು.

ಆದರೆ ಇನ್ನೊಂದು ಸಂಗತಿಯುಂಟು. ೨೦೦೭ರಲ್ಲಿ ನ್ಯೂಯಾರ್ಕ್ ಸಂಸ್ಥಾನವು ಸೆಜ್‌ವಿಕ್ ಅವೆನ್ಯೂವಿನ ಆ ೧೫೨೦ನೆಯ ನಂಬರಿನ ಕಟ್ಟಡವನ್ನು ಹಿಪ್ ಹಾಪಿನ ಜನ್ಮಸ್ಥಳವೆಂದು ಮನ್ನಿಸಿತು. ಅದು ಸುಮ್ಮನೆ ಬಂದ ಗೌರವವಲ್ಲ. ಅದೇ ಸಮಯದಲ್ಲಿ ಆ ಕಟ್ಟಡವನ್ನು ಬಡವರಿಗೆ ಕೈಗೆಟಕುವ ಬಾಡಿಗೆಯ ಸರ್ಕಾರಿ ಯೋಜನೆಯಿಂದ ಹೊರಗೆ ತೆಗೆಯುವ ಪ್ರಯತ್ನ ನಡೆದಿತ್ತು. ಬಾಡಿಗೆದಾರರು ಒಗ್ಗಟ್ಟಾಗಿ ನಿಂತರು. ಕೂಲ್ ಹರ್ಕ್ ಅವರೊಡನೆ ನಿಂತನು. ಚರಿತ್ರೆಯ ಹೆಸರು ಹೇಳಿಯಾದರೂ ತಮ್ಮ ಮನೆಗಳನ್ನು ಉಳಿಸಿಕೊಳ್ಳಬೇಕೆಂಬುದು ಅವರ ಹೋರಾಟವಾಗಿತ್ತು. ಜಗತ್ತಿಗೆಲ್ಲ ಕೋಟ್ಯಂತರ ಡಾಲರುಗಳ ಉದ್ಯಮವನ್ನು ಕೊಟ್ಟ ಮನೆಯವರು ತಮ್ಮ ಮನೆಬಾಡಿಗೆಗಾಗಿ ಬೀದಿಗಿಳಿಯಬೇಕಾಯಿತು.

ಆದುದರಿಂದ ರ‍್ಯಾಪನ್ನು ಕೇಳುವಾಗ ಎರಡು ಪ್ರಶ್ನೆಗಳನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲಿ ಮಾತನಾಡುತ್ತಿರುವವನು ಯಾರು? ಆ ಮಾತಿನ ಫಲ ಯಾರಿಗೆ ಸೇರುತ್ತಿದೆ? ಮೊದಲನೆಯ ಪ್ರಶ್ನೆ ಕಲೆಯದು, ಎರಡನೆಯದು ನ್ಯಾಯದ್ದು. ಕೇಳಿ ನೋಡಿ ಇಷ್ಟವಾಗದಿದ್ದರೆ ಬಿಡುವ ಹಕ್ಕು ಯಾರಿಗಾದರೂ ಇದೆ. ಕೇಳದೆಯೇ ಗದ್ದಲವೆಂದು ತಳ್ಳಿಬಿಡುವ ಹಕ್ಕು ಸಾಹಿತ್ಯವನ್ನು ಓದುವ ನಮಗಂತೂ ಇಲ್ಲ.